ಮಾತು ತಪ್ಪಿದ್ದೋ, ಕಾಲ ಕೈಕೊಟ್ಟಿದ್ದೋ? ರಾಜಕಾರಣಿಗಳ ಭರವಸೆ ಅಳೆಯುವುದು ಹೇಗೆ

ನೀಲಿಶಾಯಿ

ರಾಜಕಾರಣಿಗಳು ಮಾತು ಉಳಿಸಿಕೊಳ್ಳುವುದಿಲ್ಲ ಅಂತ ಬೈಯೋಕೆ ಈ ಚರ್ಚೆ ಶುರು ಮಾಡುತ್ತಿಲ್ಲ. ಅದು ದಿನಾ ಇದ್ದದ್ದೇ. ನನ್ನ ತಲೆ ತಿನ್ನುತ್ತಿರುವುದು ಬೇರೆ ಪ್ರಶ್ನೆ. ಮಾತು ಕೊಟ್ಟ ದಿನಕ್ಕೂ ಅದನ್ನು ನಡೆಸಿಕೊಡಬೇಕಾದ ದಿನಕ್ಕೂ ನಡುವೆ ವರ್ಷಗಳಿರುತ್ತವೆ. ಅಷ್ಟರಲ್ಲಿ ಯುದ್ಧ ಬರಬಹುದು, ಆರ್ಥಿಕತೆ ಕುಸಿಯಬಹುದು, ಬಹುಮತವೇ ಸಿಗದೆ ಹೋಗಬಹುದು. ಆಮೇಲೆ ಅವರು ಕೈ ಎತ್ತಿದರೆ ಅದು ಮೋಸವೋ, ನಿರುಪಾಯವೋ? ಹೊರಗೆ ನಿಂತು ನೋಡುವ ಮತದಾರನಿಗೆ ಎರಡೂ ಒಂದೇ ಥರ ಕಾಣುತ್ತವೆ.

ಅಮೆರಿಕದ ಹಿರಿಯ ಜಾರ್ಜ್ ಬುಷ್ ಅವರನ್ನೇ ತೆಗೆದುಕೊಳ್ಳಿ. 1988ರ ಆಗಸ್ಟ್‌ನಲ್ಲಿ ಪಕ್ಷದ ಸಮಾವೇಶದಲ್ಲಿ ನಿಂತು 'ರೀಡ್ ಮೈ ಲಿಪ್ಸ್, ಹೊಸ ತೆರಿಗೆ ಇಲ್ಲ' ಅಂದರು. 1990ರಲ್ಲಿ ತೆರಿಗೆ ಏರಿಸುವ ಬಜೆಟ್‌ಗೆ ಅವರೇ ಸಹಿ ಹಾಕಿದರು. ಆದಾಯ ತೆರಿಗೆಯ ಗರಿಷ್ಠ ದರ ಶೇ 28ರಿಂದ ಶೇ 31ಕ್ಕೆ ಹೋಯಿತು. ನಡುವೆ ಏನಾಗಿತ್ತು? ಬಜೆಟ್ ಕೊರತೆ ಊದಿಕೊಂಡಿತ್ತು. ಕೊರತೆ ಗುರಿ ಮೀರಿದರೆ ಖರ್ಚು ತಾನಾಗಿಯೇ ಕಡಿತವಾಗಬೇಕು ಅನ್ನುವ 1985ರ ಕಾನೂನು ತಲೆ ಮೇಲೆ ತೂಗುತ್ತಿತ್ತು. ಸಂಸತ್ತಿನ ಎರಡೂ ಸದನ ಎದುರಾಳಿ ಪಕ್ಷದ ಕೈಯಲ್ಲಿದ್ದವು. 1992ರಲ್ಲಿ ಎದುರಾಳಿಗಳು ಅದೇ ವಾಕ್ಯವನ್ನು ಜಾಹೀರಾತಿನಲ್ಲಿ ತೋರಿಸಿ ತೋರಿಸಿ ಅವರನ್ನು ಹಣಿದರು. ಅವರು ಸೋತರು. ಸೋಲಿಗೆ ಅದೊಂದೇ ಕಾರಣ ಅಲ್ಲ ಬಿಡಿ.

ಹೇಳಿ, ಇವರನ್ನು ಯಾವ ಸಾಲಿಗೆ ಸೇರಿಸುತ್ತೀರಿ?

ಮೂಲೆಬೆಂಚು

ಸುಳ್ಳು ಹೇಳಿದವರ ಸಾಲಿಗೆ. ಮುಗೀತು. ಗೆಲ್ಲುವವರೆಗೆ ಮೂಗಿಗೆ ತುಪ್ಪ ಸವರುವುದು, ಗೆದ್ದ ಮೇಲೆ ಪರಿಸ್ಥಿತಿ ಸರಿಯಿಲ್ಲ ಅನ್ನುವುದು. ಕುಣಿಯಲಾರದವಳಿಗೆ ನೆಲ ಡೊಂಕು.

ಅಂಕಿಸಂಖ್ಯೆ

ಮೂಲೆಬೆಂಚು ಸರ್, ಸಿಟ್ಟು ಅರ್ಥವಾಗುತ್ತದೆ. ಆದರೆ ಕೂತು ಲೆಕ್ಕ ಹಾಕಿದವರು ಬೇರೆಯದನ್ನೇ ಹೇಳುತ್ತಾರೆ. 2017ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 12 ದೇಶ, 57 ಚುನಾವಣೆ, 20,000ಕ್ಕೂ ಜಾಸ್ತಿ ಭರವಸೆಗಳು. ಪಕ್ಷಗಳು ಮಾತು ತಪ್ಪುವುದೇ ಜಾಸ್ತಿ ಅನ್ನುವ ನಂಬಿಕೆಗೆ ಅದರ ಫಲಿತಾಂಶ ಹೊಂದಲಿಲ್ಲ. ಒಂದೇ ಪಕ್ಷ ಸರ್ಕಾರ ನಡೆಸಿದ ಕಡೆ ಭರವಸೆಗಳು ಅತಿ ಹೆಚ್ಚು ಈಡೇರಿದವು, ಸದನದಲ್ಲಿ ಬಹುಮತ ಇಲ್ಲದಿದ್ದಾಗಲೂ. ಮೈತ್ರಿ ಸರ್ಕಾರಗಳಲ್ಲಿ ಕಡಿಮೆ. ಮೈತ್ರಿಯೊಳಗೂ ಪ್ರಧಾನಿ ಪಟ್ಟ ಸಿಕ್ಕ ಪಕ್ಷದ ಮಾತು ಹೆಚ್ಚು ನಡೆಯುತ್ತದೆ. ಜೊತೆಗಾರ ಪಕ್ಷವೂ ಅದೇ ಭರವಸೆ ಕೊಟ್ಟಿದ್ದರೆ ಇನ್ನೂ ಸಲೀಸು.

ಒಬಾಮಾ ಅವರ 500ಕ್ಕೂ ಹೆಚ್ಚು ಭರವಸೆಗಳನ್ನು ಪೊಲಿಟಿಫ್ಯಾಕ್ಟ್ ಅನ್ನುವ ಸತ್ಯಶೋಧನಾ ತಂಡ ಎಂಟು ವರ್ಷ ಬೆನ್ನುಹತ್ತಿತ್ತು. ಹೆಚ್ಚುಕಡಿಮೆ ಅರ್ಧ ಈಡೇರಿದವು. ಕಾಲು ಭಾಗದಷ್ಟು ಮುರಿದುಬಿದ್ದವು. ಉಳಿದವು ರಾಜಿಯಲ್ಲಿ ಮುಗಿದವು.

ಹಾಗಾದರೆ ನಮಗೇಕೆ ಎಲ್ಲವೂ ಸುಳ್ಳು ಅನ್ನಿಸುತ್ತದೆ? ಈಡೇರಿದ ಭರವಸೆ ಸುದ್ದಿಯಾಗುವುದಿಲ್ಲ. ಮುರಿದದ್ದು ವರ್ಷಗಟ್ಟಲೆ ಸುದ್ದಿ.

ಮೂಲೆಬೆಂಚು

ಆ ಲೆಕ್ಕದಲ್ಲಿ 'ಸಮಿತಿ ರಚಿಸುತ್ತೇವೆ' ಅನ್ನುವುದೂ ಒಂದು, 'ಯುದ್ಧ ನಿಲ್ಲಿಸುತ್ತೇವೆ' ಅನ್ನುವುದೂ ಒಂದು. ಹೌದು ತಾನೇ? ಹತ್ತು ಸಮಿತಿ ರಚಿಸಿ ಯುದ್ಧ ನಿಲ್ಲಿಸದಿದ್ದರೆ ಹನ್ನೊಂದಕ್ಕೆ ಹತ್ತು ಅಂಕ! ಜನ ವೋಟು ಹಾಕಿದ್ದು ಆ ಹನ್ನೊಂದನೆಯದಕ್ಕೆ ಸ್ವಾಮಿ.

ಅಂಕಿಸಂಖ್ಯೆ

ಅದು ಈ ಥರದ ಎಲ್ಲ ಎಣಿಕೆಗೂ ಇರುವ ತೊಂದರೆ. ಒಪ್ಪುತ್ತೇನೆ. ಆದರೆ ಯಾವುದು ದೊಡ್ಡ ಭರವಸೆ ಅಂತ ಯಾರು ತೂಗಬೇಕು? ನೀವು ತೂಗಿದರೆ ಒಂದು ಉತ್ತರ, ನಾನು ತೂಗಿದರೆ ಇನ್ನೊಂದು.

ಗಾಳಿಪಟ

ತೂಕಕ್ಕಿಂತ ಮುಂಚೆ ಇನ್ನೊಂದನ್ನು ಬೇರ್ಪಡಿಸಬೇಕು ಅಂತ ನನಗೆ ಅನ್ನಿಸುತ್ತದೆ. ಕೆಲಸದ ಭರವಸೆ ಬೇರೆ, ಫಲದ ಭರವಸೆ ಬೇರೆ. ಈ ಮಸೂದೆಯ ವಿರುದ್ಧ ಮತ ಹಾಕುತ್ತೇನೆ ಅಂದರೆ ಅದು ಪೂರ್ತಿ ನನ್ನ ಕೈಯಲ್ಲಿದೆ. ನಿರುದ್ಯೋಗ ಅರ್ಧಕ್ಕೆ ಇಳಿಸುತ್ತೇನೆ ಅಂದರೆ ಅದರಲ್ಲಿ ನನ್ನ ಪಾಲು ಸ್ವಲ್ಪ, ಲೋಕದ ಪಾಲು ಜಾಸ್ತಿ. ಎರಡನ್ನೂ ಒಂದೇ ಅಳತೆಯಲ್ಲಿ ಅಳೆಯೋಕೆ ಆಗುವುದಿಲ್ಲ.

ಇದಕ್ಕೆ ಬ್ರಿಟನ್ನಿನ ಲಿಬರಲ್ ಡೆಮಾಕ್ರಟ್ ಪಕ್ಷದ ಕಥೆಗಿಂತ ಒಳ್ಳೆ ಉದಾಹರಣೆ ಇಲ್ಲ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಅದನ್ನು ಮೈತ್ರಿ ಸರ್ಕಾರದ ಅನಿವಾರ್ಯತೆ ಅಂತ ಬಿಟ್ಟುಬಿಡುತ್ತಾರೆ.

2010ರ ಚುನಾವಣೆಗೆ ಮೊದಲು ವಿದ್ಯಾರ್ಥಿ ಸಂಘದವರು ಒಂದು ಪ್ರತಿಜ್ಞಾಪತ್ರ ತಂದರು. ಮುಂದಿನ ಸಂಸತ್ತಿನಲ್ಲಿ ವಿಶ್ವವಿದ್ಯಾಲಯದ ಶುಲ್ಕ ಏರಿಸುವ ಯಾವುದೇ ಪ್ರಸ್ತಾವ ಬಂದರೂ ವಿರುದ್ಧ ಮತ ಹಾಕುತ್ತೇನೆ ಅನ್ನುವುದು ಅದರ ಸಾರ. ಗೆದ್ದ 57 ಲಿಬರಲ್ ಡೆಮಾಕ್ರಟ್ ಸಂಸದರೂ ಅದಕ್ಕೆ ಸಹಿ ಹಾಕಿದ್ದವರೇ. ನಾಯಕ ನಿಕ್ ಕ್ಲೆಗ್ ಸಹಿ ಮಾಡಿದ ಹಾಳೆ ಹಿಡಿದು ಫೋಟೊ ತೆಗೆಸಿಕೊಂಡಿದ್ದರು. ಯಾರಿಗೂ ಬಹುಮತ ಬರಲಿಲ್ಲ. ಕನ್ಸರ್ವೇಟಿವ್ ಪಕ್ಷದ ಜೊತೆ ಮೈತ್ರಿ ಆಯಿತು. ಡಿಸೆಂಬರ್ 9ಕ್ಕೆ ಶುಲ್ಕದ ಮಿತಿಯನ್ನು ವರ್ಷಕ್ಕೆ 3,290 ಪೌಂಡ್‌ನಿಂದ 9,000 ಪೌಂಡ್‌ಗೆ ಏರಿಸುವ ಪ್ರಸ್ತಾವ ಮತಕ್ಕೆ ಬಂತು. ಪಕ್ಷದ 28 ಮಂದಿ ಪರವಾಗಿ ಹಾಕಿದರು. 21 ಮಂದಿ ವಿರುದ್ಧ. ಉಳಿದವರು ಮತ ಹಾಕಲಿಲ್ಲ.

ಗಮನಿಸಿ. ಅವರು ಕೊಟ್ಟ ಮಾತು 'ಶುಲ್ಕ ಏರುವುದಿಲ್ಲ' ಅಂತಲ್ಲ. 'ನಾನು ವಿರುದ್ಧ ಮತ ಹಾಕುತ್ತೇನೆ' ಅಂತ. ಬಹುಮತ ಬಾರದಿದ್ದರೂ, ಖಜಾನೆ ಬರಿದಾದರೂ, ಆ ಮಾತನ್ನು ಉಳಿಸಿಕೊಳ್ಳೋಕೆ ಏನೂ ಅಡ್ಡಿ ಇರಲಿಲ್ಲ. ಮೈತ್ರಿ ಒಪ್ಪಂದದಲ್ಲೇ ಅವರಿಗೆ ಮತದಾನದಿಂದ ದೂರ ಉಳಿಯುವ ಅವಕಾಶ ಕೊಟ್ಟಿದ್ದರು. ಅದೇ ಪಕ್ಷದ 21 ಮಂದಿ ಉಳಿಸಿಕೊಂಡು ತೋರಿಸಿದರು ಕೂಡ. ಇಲ್ಲಿ ಅನಿಶ್ಚಿತತೆ ಅನ್ನುವುದು ಬರೀ ನೆಪ. 2015ರಲ್ಲಿ ಆ ಪಕ್ಷ 57ರಿಂದ 8 ಸೀಟಿಗೆ ಇಳಿಯಿತು.

ಮೂಲೆಬೆಂಚು

ಗಾಳಿಪಟ, ಇದಕ್ಕೆ ನನ್ನದೊಂದು ಚಪ್ಪಾಳೆ. ಸಹಿ ಹಾಕಿದ್ದ ಫೋಟೊ ಬೇರೆ ಇತ್ತಲ್ಲ!

ಸಂಜೆಗತ್ತಲು

ಗಾಳಿಪಟ ಅವರ ಗೆರೆ ಚೆನ್ನಾಗಿದೆ. ಆದರೆ ಬಹಳಷ್ಟು ಭರವಸೆಗಳು ಆ ಗೆರೆ ಮೇಲೇ ಕೂತಿರುತ್ತವೆ.

ಗ್ವಾಂಟನಾಮೊ ನೋಡಿ, ಭಯೋತ್ಪಾದನೆಯ ಶಂಕಿತರನ್ನು ಅಮೆರಿಕ ಕೂಡಿಹಾಕಿದ್ದ ಕ್ಯೂಬಾದ ಸೆರೆಮನೆ. ಒಬಾಮಾ ಅಧಿಕಾರಕ್ಕೆ ಬಂದ ಎರಡೇ ದಿನಕ್ಕೆ, 2009ರ ಜನವರಿ 22ರಂದು, ಒಂದು ವರ್ಷದೊಳಗೆ ಆ ಸೆರೆಮನೆ ಮುಚ್ಚಬೇಕು ಅಂತ ಆದೇಶಕ್ಕೆ ಸಹಿ ಹಾಕಿದರು. ತನ್ನ ಕೈಯಲ್ಲಿದ್ದ ಕೆಲಸ ಮಾಡಿದರು. ಆಮೇಲೆ ಸಂಸತ್ತು ಹಣ ಕೊಡಲಿಲ್ಲ. ಕೈದಿಗಳನ್ನು ಅಮೆರಿಕದ ನೆಲಕ್ಕೆ ತರುವುದಕ್ಕೂ ತಡೆ ಹಾಕಿತು. ಶುರುವಿನಲ್ಲಿ 240ರಷ್ಟು ಕೈದಿಗಳಿದ್ದರು. ಒಬಾಮಾ ಅಧಿಕಾರದಿಂದ ಇಳಿದಾಗ 41 ಮಂದಿ ಉಳಿದಿದ್ದರು. ಸೆರೆಮನೆ ಮುಚ್ಚಲಿಲ್ಲ.

ಈಗ ಇದು ಮುರಿದ ಮಾತೋ? ಲೆಕ್ಕದ ಪಟ್ಟಿಯಲ್ಲಿ ಹೌದು. ಆದರೆ 240 ಇದ್ದದ್ದು 41ಕ್ಕೆ ಇಳಿಯಿತಲ್ಲ, ಅದನ್ನು ಎಲ್ಲಿಡುತ್ತೀರಿ? ಇನ್ನೊಂದು ಕಡೆಯಿಂದ ನೋಡಿದರೆ, ಸಂಸತ್ತು ಅಡ್ಡ ಬರಬಹುದು ಅನ್ನುವುದು ಸಂವಿಧಾನ ಓದಿದವರಿಗೆ ಮೊದಲೇ ಗೊತ್ತಿರುವ ವಿಷಯ. ಒಬಾಮಾ ಸಂವಿಧಾನ ಪಾಠ ಮಾಡಿದ್ದ ಮೇಷ್ಟ್ರು ಬೇರೆ.

ನೀಲಿಶಾಯಿ

ನನಗೆ ಬೇಕಾಗಿದ್ದ ಜಾಗಕ್ಕೆ ಬಂದಿರಿ. ನನ್ನ ವಾದ ಇಷ್ಟೇ. ನಾಳೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ ಅನ್ನುವುದು ನಿಜ. ಆದರೆ ನಾಳೆ ಗೊತ್ತಿಲ್ಲ ಅನ್ನುವ ಸಂಗತಿ ಮಾತು ಕೊಡುವ ದಿನವೂ ಗೊತ್ತಿರುತ್ತದೆ. ಆ ದಿನವೇ 'ಇಂಥದ್ದು ನಡೆದರೆ ಇದು ಆಗುವುದಿಲ್ಲ' ಅಂತ ಹೇಳಿದವನ ನೆಪಕ್ಕೆ ಬೆಲೆ ಇದೆ, ಯಾಕೆಂದರೆ ಹಾಗೆ ಹೇಳಿದ್ದಕ್ಕೆ ಅವನು ಅವತ್ತೇ ಒಂದಿಷ್ಟು ವೋಟು ಕಳೆದುಕೊಂಡಿರುತ್ತಾನೆ. ಗೆದ್ದ ಮೇಲೆ ಹುಡುಕಿ ತಂದ ನೆಪಕ್ಕೆ ಬೆಲೆ ಇಲ್ಲ. ಅದಕ್ಕೆ ಅವನು ಏನೂ ತೆತ್ತಿಲ್ಲ.

ಬುಷ್ ವಿಷಯದಲ್ಲಿ ನನ್ನ ತಕರಾರು ತೆರಿಗೆ ಏರಿಸಿದ್ದಕ್ಕಲ್ಲ. 1990ರ ಆ ಬಜೆಟ್ ಒಪ್ಪಂದದಲ್ಲೇ ಖರ್ಚಿಗೆ ಮಿತಿ ಹಾಕುವ ನಿಯಮಗಳೂ ಬಂದವು. ಮುಂದೆ ಕೊರತೆ ಇಳಿಯೋಕೆ ಅವೂ ನೆರವಾದವು ಅನ್ನುವ ಅರ್ಥಶಾಸ್ತ್ರಜ್ಞರು ಬಹಳ ಮಂದಿ. ಮಾತು ಮುರಿದದ್ದು ಒಳ್ಳೆಯ ಕೆಲಸವೇ ಇರಬಹುದು. ತಪ್ಪು ನಡೆದದ್ದು 1988ರಲ್ಲಿ. ಕೊರತೆ ಅವತ್ತೂ ಕಣ್ಣೆದುರಿಗೇ ಇತ್ತು. ಆದರೂ ಷರತ್ತಿಗೆ ಒಂದಿಂಚೂ ಜಾಗ ಬಿಡದೆ ಮಾತಾಡಿದರು.

ತಕರಾರುತಮ್ಮ

ಕೇಳೋಕೆ ಚೆಂದ. ಆದರೆ ಷರತ್ತು ಹಾಕಿ ಮಾತಾಡಿದವನು ಗೆಲ್ಲುತ್ತಾನಾ? ಹತ್ತಿರದಿಂದ ಒಂದು ನೋಡೋಣ.

2005ರ ಜರ್ಮನಿ. ಆಂಗೆಲಾ ಮರ್ಕೆಲ್ ಚುನಾವಣೆಗೆ ಮೊದಲೇ ನೇರವಾಗಿ ಹೇಳಿದರು, ವ್ಯಾಟ್ ಶೇ 16ರಿಂದ ಶೇ 18ಕ್ಕೆ ಏರಿಸುತ್ತೇವೆ ಅಂತ. ಅಪರೂಪದ ಪ್ರಾಮಾಣಿಕತೆ, ಅಲ್ವಾ? ಎದುರಾಳಿ ಸೋಷಿಯಲ್ ಡೆಮಾಕ್ರಟ್‌ಗಳು ಅದಕ್ಕೆ 'ಮರ್ಕೆಲ್ ತೆರಿಗೆ' ಅಂತ ಹೆಸರಿಟ್ಟು ಊರೆಲ್ಲ ಡಂಗುರ ಹೊಡೆದರು. ಸಮೀಕ್ಷೆಗಳಲ್ಲಿ ತುಂಬಾ ಮುಂದಿದ್ದ ಮರ್ಕೆಲ್ ಕೂಟ ಕೊನೆಗೆ ಶೇ 35.2 ಮತ ತೆಗೆದುಕೊಂಡಿತು. ಎದುರಾಳಿಗೆ ಶೇ 34.2. ಬೇರೆ ದಾರಿ ಇಲ್ಲದೆ ಎರಡೂ ಪಕ್ಷ ಸೇರಿ ಸರ್ಕಾರ ಮಾಡಿದವು. ಒಬ್ಬರು ಎರಡು ಏರಿಸುತ್ತೇವೆ ಅಂದಿದ್ದರು. ಇನ್ನೊಬ್ಬರು ಏರಿಸುವುದೇ ಬೇಡ ಅಂದಿದ್ದರು. ನಡುವೆ ಎಲ್ಲೋ ಒಂದು ಅಂಕಕ್ಕೆ ನಿಲ್ಲಬೇಕಿತ್ತು, ಅಲ್ಲವೇ? 2007ರ ಜನವರಿ 1ರಿಂದ ವ್ಯಾಟ್ ಶೇ 19 ಆಯಿತು. ಮೂರು ಏರಿತು!

ನಿಜ ಹೇಳಿದವರಿಗೆ ನಿರೀಕ್ಷೆಗಿಂತ ವೋಟು ಕಡಿಮೆ. ತಮಾಷೆ ಮಾಡಿದವರೂ ಅದೇ ಸರ್ಕಾರದಲ್ಲಿ ಮಂತ್ರಿಗಳು. ಇದನ್ನು ನೋಡಿದ ಯಾವ ರಾಜಕಾರಣಿ ತಾನೇ ಮುಂದಿನ ಸಲ ನೇರ ಮಾತಾಡುತ್ತಾನೆ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಜಾರಿಕೊಳ್ಳುತ್ತಾನೆ.

ಷರತ್ತಿನ ಬಗ್ಗೆ ಇನ್ನೊಂದು ಮಾತು. ಷರತ್ತು ಈಡೇರಿತೋ ಇಲ್ಲವೋ ಅಂತ ತೀರ್ಮಾನಿಸುವವರು ಯಾರು? ಬ್ರಿಟನ್ನಿನ ಆಗಿನ ಹಣಕಾಸು ಮಂತ್ರಿ ಗಾರ್ಡನ್ ಬ್ರೌನ್ 1997ರ ಅಕ್ಟೋಬರ್‌ನಲ್ಲಿ, ಐದು ಆರ್ಥಿಕ ಪರೀಕ್ಷೆಗಳು ಪಾಸಾದರೆ ಪೌಂಡ್ ಬಿಟ್ಟು ಯೂರೋ ಸೇರೋಣ ಅಂದರು. ಪ್ರಶ್ನೆಪತ್ರಿಕೆ ಬರೆದದ್ದು ಅವರ ಖಜಾನೆ ಇಲಾಖೆ. ಮೌಲ್ಯಮಾಪನ ಮಾಡಿದ್ದೂ ಅದೇ ಇಲಾಖೆ. 2003ರಲ್ಲಿ ಫಲಿತಾಂಶ ಬಂತು, ಇನ್ನೂ ಪಾಸಾಗಿಲ್ಲ ಅಂತ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನೀಲಿಶಾಯಿ

ತಮ್ಮಾ, ಎರಡನೆಯದು ನನ್ನ ವಾದಕ್ಕೆ ನಿಜವಾದ ಪೆಟ್ಟು. ಮೊದಲನೆಯದಕ್ಕಿಂತ ಅದೇ ಗಟ್ಟಿ. ಷರತ್ತು ಮೊದಲೇ ಹೇಳಿದ್ದರಷ್ಟೇ ಸಾಲದು. ಅದನ್ನು ಅಳೆಯುವ ಕೋಲು ಬೇರೆಯವರ ಕೈಯಲ್ಲಿರಬೇಕು.

ಅಂಕಿಸಂಖ್ಯೆ

ಕೋಲು ಬೇರೆಯವರ ಕೈಗೆ ಕೊಡುವ ಪ್ರಯತ್ನಗಳು ಆಗಿವೆ. ಅದರ ಹಿಂದಿನ ಯೋಚನೆಯನ್ನು 1977ರಲ್ಲಿ ಕಿಡ್ಲೆಂಡ್ ಮತ್ತು ಪ್ರೆಸ್ಕಾಟ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಚೆನ್ನಾಗಿ ಬಿಡಿಸಿ ಹೇಳಿದರು. 2004ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅವರ ಮಾತಿನ ಸಾರ ಹೀಗೆ. ಸರ್ಕಾರ ಕೆಟ್ಟದ್ದೇ ಆಗಿರಬೇಕಿಲ್ಲ. ಬೆಲೆ ಏರಲು ಬಿಡುವುದಿಲ್ಲ ಅಂತ ಇವತ್ತು ಮನಸಾರೆ ಮಾತು ಕೊಡುತ್ತದೆ. ಜನ ಅದನ್ನು ನಂಬಿ ಸಂಬಳ, ಬಾಡಿಗೆ ಎಲ್ಲ ಮಾತಾಡಿ ಮುಗಿಸುತ್ತಾರೆ. ಆಮೇಲೆ ಸ್ವಲ್ಪ ಹಣ ಸಡಿಲ ಬಿಟ್ಟರೆ ಕೆಲಸಗಳು ಹೆಚ್ಚುತ್ತವೆ ಅಂತ ಅದಕ್ಕೆ ಕಾಣುತ್ತದೆ. ಆ ಹೊತ್ತಿಗೆ ಮಾತು ಮುರಿಯುವುದೇ ಒಳ್ಳೆಯದು ಅನ್ನಿಸುತ್ತದೆ. ಜನರೂ ದಡ್ಡರಲ್ಲ, ಇದನ್ನು ಮೊದಲೇ ಊಹಿಸಿ ಮಾತನ್ನೇ ನಂಬುವುದಿಲ್ಲ. ಕೊನೆಗೆ ಬೆಲೆಯೂ ಏರುತ್ತದೆ, ಕೆಲಸವೂ ಹೆಚ್ಚುವುದಿಲ್ಲ.

ಇದಕ್ಕೆ ಮದ್ದು ಏನು? ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಳ್ಳುವುದು. ನ್ಯೂಜಿಲೆಂಡ್ 1989ರಲ್ಲಿ ಕಾನೂನು ಮಾಡಿ ರಿಸರ್ವ್ ಬ್ಯಾಂಕಿಗೆ ಬೆಲೆ ಸ್ಥಿರತೆಯ ಹೊಣೆ ಒಪ್ಪಿಸಿತು. ಗುರಿ ತಪ್ಪಿದರೆ ಗವರ್ನರನ್ನು ತೆಗೆಯುವ ಅವಕಾಶವೂ ಇತ್ತು. ತಮ್ಮ ಅವರು ಆಡಿಕೊಂಡ ಬ್ರೌನ್ ಅವರೇ 1997ರ ಮೇ ತಿಂಗಳಲ್ಲಿ, ಅಧಿಕಾರಕ್ಕೆ ಬಂದ ಕೆಲವೇ ದಿನಕ್ಕೆ, ಬಡ್ಡಿದರದ ಅಧಿಕಾರವನ್ನು ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಬಿಟ್ಟುಕೊಟ್ಟರು. ಅದು ಮಾತ್ರ ಜಾರಿಕೊಳ್ಳೋಕೆ ಆಗದ ಮಾತು.

ಸಂಜೆಗತ್ತಲು

ಕೈ ಕಟ್ಟಿಹಾಕಿಕೊಂಡ ಮೇಲೆ ಮನೆಗೆ ಬೆಂಕಿ ಬಿದ್ದರೆ? ಅಂಕಿ ಕಟ್ಟಿ ಮಾತು ಕೊಟ್ಟ ಕೇಂದ್ರ ಬ್ಯಾಂಕುಗಳೂ ಎಡವಿವೆ. ಬ್ಯಾಂಕ್ ಆಫ್ ಇಂಗ್ಲೆಂಡ್ 2013ರ ಆಗಸ್ಟ್‌ನಲ್ಲಿ, ನಿರುದ್ಯೋಗ ಶೇ 7ಕ್ಕೆ ಇಳಿಯುವವರೆಗೆ ಬಡ್ಡಿ ಏರಿಸುವ ಯೋಚನೆ ಮಾಡುವುದಿಲ್ಲ ಅಂತ ಹೇಳಿತು. ಷರತ್ತು ಸ್ಪಷ್ಟ, ಅಳೆಯುವ ಕೋಲು ಅಂಕಿಅಂಶ ಇಲಾಖೆಯದ್ದು. ನೀಲಿಶಾಯಿ ಅವರಿಗೆ ಇದಕ್ಕಿಂತ ಒಳ್ಳೆ ಮಾತು ಸಿಗಲಿಕ್ಕಿಲ್ಲ. ಅಲ್ಲಿಗೆ ಇಳಿಯೋಕೆ ವರ್ಷಗಳೇ ಬೇಕು ಅನ್ನುವ ಲೆಕ್ಕ ಅವರದ್ದು. ಆರೇ ತಿಂಗಳಲ್ಲಿ ಅಂಕಿ ಹತ್ತಿರ ಬಂದುಬಿಟ್ಟಿತು! 2014ರ ಫೆಬ್ರುವರಿಯಲ್ಲಿ ಆ ಸೂತ್ರವನ್ನೇ ಬದಲಾಯಿಸಿದರು. ಬಡ್ಡಿ ನಿಜವಾಗಿ ಏರಿದ್ದು 2017ರ ನವೆಂಬರ್‌ನಲ್ಲಿ.

ಮೋಸ ಇಲ್ಲ, ಮುಚ್ಚುಮರೆ ಇಲ್ಲ. ಬರೀ ಮುಂದಿನದ್ದು ಕಾಣಲಿಲ್ಲ. ಹಾಗಿದ್ದರೂ ಜನ ನಂಬಿಕೆ ಕಳೆದುಕೊಂಡರು. ಒಬ್ಬ ಸಂಸದರಂತೂ ಬ್ಯಾಂಕನ್ನು ನಂಬಲಾಗದ ಪ್ರಿಯಕರನಿಗೆ ಹೋಲಿಸಿದ್ದರು.

ವಕೀಲರಚೀಟಿ

ಸ್ವಲ್ಪ ತಡವಾಗಿ ಬಂದೆ. ಕೋರ್ಟಿಗೆ ಹೋದರೆ ಆಗಲ್ವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಚುನಾವಣಾ ಭರವಸೆ ಕರಾರುಪತ್ರ ಅಲ್ಲ. ಭಾರತದ ಸುಪ್ರೀಂ ಕೋರ್ಟ್ 2013ರಲ್ಲಿ, ಪ್ರಣಾಳಿಕೆಯ ಭರವಸೆ ಕಾನೂನಿನ ಅರ್ಥದಲ್ಲಿ ಚುನಾವಣಾ ಭ್ರಷ್ಟಾಚಾರ ಆಗುವುದಿಲ್ಲ ಅಂದಿತು. ಜೊತೆಗೆ ಚುನಾವಣಾ ಆಯೋಗಕ್ಕೆ ಮಾರ್ಗಸೂಚಿ ಮಾಡಲು ಹೇಳಿತು. ಆ ಪ್ರಕಾರ, ಭರವಸೆಗೆ ಹಣ ಎಲ್ಲಿಂದ ಬರುತ್ತದೆ ಅಂತ ಪ್ರಣಾಳಿಕೆಯಲ್ಲಿ ಸ್ಥೂಲವಾಗಿಯಾದರೂ ಹೇಳಬೇಕು ಅನ್ನುವ ಮಾತು ನೀತಿಸಂಹಿತೆಗೆ ಸೇರಿತು. ಸೇರಿತು, ಅಷ್ಟೇ.

ಇನ್ನೊಂದು ಹಳೇ ಜಗಳ ನೆನಪಿಸುತ್ತೇನೆ. 1774ರಲ್ಲಿ ಎಡ್ಮಂಡ್ ಬರ್ಕ್ ಬ್ರಿಸ್ಟಲ್‌ನ ಮತದಾರರಿಗೆ ಹೇಳಿದ್ದರು, ನಿಮ್ಮ ಪ್ರತಿನಿಧಿ ನಿಮಗೆ ಕೊಡಬೇಕಾದ್ದು ದುಡಿಮೆಯನ್ನಷ್ಟೇ ಅಲ್ಲ, ತನ್ನ ವಿವೇಚನೆಯನ್ನೂ ಅಂತ. ಅಂದರೆ ಹೊಸ ಸಂಗತಿ ಗೊತ್ತಾದ ಮೇಲೂ ಹಳೇ ಮಾತಿಗೆ ಜೋತುಬಿದ್ದವನು ಒಳ್ಳೆ ಪ್ರತಿನಿಧಿಯೇನೂ ಅಲ್ಲ. ಹೀಗೆ ಮಾತಾಡಿದ ಬರ್ಕ್ 1780ರಲ್ಲಿ ಆ ಕ್ಷೇತ್ರ ಬಿಡಬೇಕಾಯಿತು ಅನ್ನುವುದು ಬೇರೆ ವಿಷಯ.

ಮೂಲೆಬೆಂಚು

ವಿವೇಚನೆ ಅನ್ನುವ ಹೆಸರಲ್ಲಿ ಏನು ಬೇಕಾದರೂ ಮಾಡಬಹುದು ಹಾಗಾದರೆ. ಪೆರುವಿನ ಫ್ಯುಜಿಮೋರಿ 1990ರಲ್ಲಿ ಮಾಡಿದ್ದೂ ಅದೇ ತಾನೇ? ಎದುರಾಳಿ ಆರ್ಥಿಕತೆಗೆ ಶಾಕ್ ಚಿಕಿತ್ಸೆ ಬೇಕು ಅಂದರು, ಅಂದರೆ ಸಬ್ಸಿಡಿ, ಬೆಲೆ ನಿಯಂತ್ರಣ ಎಲ್ಲ ಒಮ್ಮೆಲೇ ತೆಗೆಯುವುದು. ಇವರು ಶಾಕ್ ಬೇಡವೇ ಬೇಡ ಅಂತ ವೋಟು ಕೇಳಿ ಗೆದ್ದರು. ಜುಲೈ ಕೊನೆಗೆ ಅಧಿಕಾರ ಹಿಡಿದರು. ಆಗಸ್ಟ್‌ನಲ್ಲೇ ಶಾಕ್ ಕೊಟ್ಟರು. ಅತಿಹಣದುಬ್ಬರ ಅವತ್ತು ಹುಟ್ಟಿದ್ದಲ್ಲ, ಪ್ರಚಾರ ನಡೆಯುವಾಗಲೇ ಬೀದಿಯಲ್ಲಿತ್ತು. ಯಾವ ಹೊಸ ಸಂಗತಿ ಗೊತ್ತಾಯಿತು ಅವರಿಗೆ?

ಅಂಕಿಸಂಖ್ಯೆ

ಅದರ ಮುಂದಿನ ಭಾಗವೂ ಹೇಳಿ ಸರ್. ಹಣದುಬ್ಬರ ಇಳಿಯಿತು. 1995ರಲ್ಲಿ ಅದೇ ಜನ ಅವರನ್ನು ಮೊದಲ ಸುತ್ತಿನಲ್ಲೇ ಭಾರೀ ಮತದಿಂದ ಮತ್ತೆ ಗೆಲ್ಲಿಸಿದರು. ಗ್ರೀಸ್‌ನಲ್ಲಿ ಆಗಿನ ಪ್ರಧಾನಿ ಸಿಪ್ರಾಸ್ 2015ರ ಜುಲೈ 5ಕ್ಕೆ ಜನಮತ ಕೇಳಿದರು. ಶೇ 61ರಷ್ಟು ಜನ ಸಾಲ ಕೊಡುವವರು ಹಾಕಿದ್ದ ಷರತ್ತು ಬೇಡ ಅಂದರು. ಒಂದೇ ವಾರದಲ್ಲಿ ಅವರು ಹೊಸ ಷರತ್ತಿಗೆ ಒಪ್ಪಿಕೊಂಡು ಬಂದರು. ಸೆಪ್ಟೆಂಬರ್‌ನಲ್ಲಿ ಮತ್ತೆ ಗೆದ್ದರು! ಮತದಾರ ಮಾತಿಗಿಂತ ಫಲ ನೋಡುತ್ತಾನೋ, ಇಲ್ಲಾ ಉಳಿದವರು ಇನ್ನೂ ಕಡೆ ಅಂತ ಬೇರೆ ದಾರಿ ಕಾಣದೆ ಹಾಕುತ್ತಾನೋ, ಎರಡೂ ಇರಬಹುದು.

ಗಾಳಿಪಟ

ಫಲ ನೋಡಿ ಕ್ಷಮಿಸುವುದರಲ್ಲಿ ಒಂದು ಅಪಾಯ ಇದೆ. ಫಲದಲ್ಲಿ ಅದೃಷ್ಟವೂ ಬೆರೆತಿರುತ್ತದೆ. ಒಳ್ಳೆ ಕಾಲದಲ್ಲಿ ಬಂದ ಸೋಮಾರಿ ಮಾತು ಉಳಿಸಿಕೊಂಡವನ ಹಾಗೆ ಕಾಣುತ್ತಾನೆ. ಕೆಟ್ಟ ಕಾಲದಲ್ಲಿ ಸಿಕ್ಕಿಕೊಂಡ ಪ್ರಾಮಾಣಿಕ ಸುಳ್ಳುಗಾರ ಅನ್ನಿಸಿಕೊಳ್ಳುತ್ತಾನೆ. ಪ್ರಯೋಗಾಲಯದಲ್ಲೂ ಇದಕ್ಕೆ ಹತ್ತಿರದ್ದನ್ನು ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ, ತನ್ನ ಆಯ್ಕೆಯಿಂದ ಎದುರಿನವನಿಗೆ ಏನಾಗುತ್ತದೆ ಅನ್ನುವುದು ಸ್ಪಷ್ಟ ಇದ್ದಾಗ ಜನ ಹೆಚ್ಚು ನ್ಯಾಯವಾಗಿ ಹಂಚಿಕೊಂಡರು. ಅದೇ ಮಾಹಿತಿಯನ್ನು ಮುಚ್ಚಿಟ್ಟು, ಬೇಕಾದರೆ ಒಂದು ಗುಂಡಿ ಒತ್ತಿ ನೋಡಿಕೊಳ್ಳಿ ಅಂದಾಗ, ಬಹಳ ಮಂದಿ ಒತ್ತಲೇ ಇಲ್ಲ. ಗೊತ್ತಿಲ್ಲದ ಹಾಗೆ ಉಳಿದು ತಮಗೆ ಲಾಭದ್ದನ್ನು ಆರಿಸಿಕೊಂಡರು. ಜಾಣ ಕುರುಡು. ಖಜಾನೆಯ ಸ್ಥಿತಿ ಗೆದ್ದ ಮೇಲೆಯೇ ಗೊತ್ತಾಯಿತು ಅನ್ನುವವರನ್ನು ಕಂಡಾಗೆಲ್ಲ ನನಗೆ ಆ ಗುಂಡಿ ನೆನಪಾಗುತ್ತದೆ.

ನೀಲಿಶಾಯಿ

ಆ ಒಂದು ನೆಪವನ್ನಾದರೂ ಆಸ್ಟ್ರೇಲಿಯಾದವರು ಹೆಚ್ಚುಕಡಿಮೆ ಮುಚ್ಚಿಹಾಕಿದ್ದಾರೆ. 1996ರಲ್ಲಿ ಗೆದ್ದ ಜಾನ್ ಹೊವಾರ್ಡ್ ಸರ್ಕಾರ, ಹಿಂದಿನವರು ಖಜಾನೆಯಲ್ಲಿ ದೊಡ್ಡ ತೂತು ಬಿಟ್ಟುಹೋಗಿದ್ದಾರೆ ಅಂತ ಕೆಲವು ಭರವಸೆ ಕೈಬಿಟ್ಟಿತು. ಉಳಿಸಿಕೊಂಡವು ಮುಖ್ಯ ಭರವಸೆಗಳಂತೆ, ಬಿಟ್ಟವು ಮುಖ್ಯವಲ್ಲದ ಭರವಸೆಗಳಂತೆ. ಜನ ಇವತ್ತಿಗೂ ಅದನ್ನು ಆಡಿಕೊಳ್ಳುತ್ತಾರೆ. ಆದರೆ ಅದೇ ಸರ್ಕಾರ 1998ರಲ್ಲಿ ಒಂದು ಕಾನೂನು ತಂದಿತು. ಚುನಾವಣೆ ಘೋಷಣೆಯಾಗಿ ಅಧಿಕೃತ ಆದೇಶ ಹೊರಟ 10 ದಿನದೊಳಗೆ, ಖಜಾನೆ ಮತ್ತು ಹಣಕಾಸು ಇಲಾಖೆಯ ಹಿರಿಯ ಅಧಿಕಾರಿಗಳು ಹಣದ ಸ್ಥಿತಿಯನ್ನು ಎಲ್ಲರ ಮುಂದೆ ಇಡಬೇಕು. ಮಂತ್ರಿಗಳ ಮಾತು ಅದರಲ್ಲಿ ನಡೆಯುವುದಿಲ್ಲ. ಆಮೇಲೆ 'ಅಯ್ಯೋ, ನಮಗೆ ಗೊತ್ತೇ ಇರಲಿಲ್ಲ' ಅನ್ನುವುದು ಕಷ್ಟ.

ತಕರಾರುತಮ್ಮ

ಕಷ್ಟ ಅಷ್ಟೇ, ಅಸಾಧ್ಯ ಅಲ್ಲ. ಖಜಾನೆ ನೆಪ ಮುಚ್ಚಿದರೆ ಲೋಕವೇ ಬದಲಾಯಿತು ಅನ್ನುತ್ತಾರೆ. ಜರ್ಮನಿಯ ಈಚಿನ ಕಥೆ ಎಲ್ಲರಿಗೂ ನೆನಪಿರಬೇಕು. ಅಲ್ಲಿ 2009ರಿಂದ ಸಾಲಕ್ಕೆ ಕಡಿವಾಣ ಸಂವಿಧಾನದಲ್ಲೇ ಇದೆ. ಚಾನ್ಸಲರ್ (ಅಲ್ಲಿನ ಪ್ರಧಾನಿ) ಹುದ್ದೆಗೆ ನಿಂತಿದ್ದ ಫ್ರೀಡ್ರಿಶ್ ಮೆರ್ಟ್ಸ್ ಪಕ್ಷದ ಪ್ರಣಾಳಿಕೆ ಅದನ್ನು ಉಳಿಸಿಕೊಳ್ಳುತ್ತೇವೆ ಅಂತಿತ್ತು. 2025ರ ಫೆಬ್ರುವರಿ 23ಕ್ಕೆ ಗೆದ್ದರು. ಮಾರ್ಚ್ 18ಕ್ಕೆ ರಕ್ಷಣಾ ಖರ್ಚಿಗೆ ಆ ಕಡಿವಾಣ ಸಡಿಲಿಸಿ, ಮೂಲಸೌಕರ್ಯಕ್ಕೆ 500 ಬಿಲಿಯನ್ ಯೂರೋ ಸಾಲದ ನಿಧಿ ಮಾಡಲು ಸಂಸತ್ತಿನಲ್ಲಿ ಮತ ಹಾಕಿಸಿದರು. ಅದೂ ಹಳೇ ಸಂಸತ್ತಿನಲ್ಲಿ! ಹೊಸ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬಹುಮತ ಸಿಗುವುದು ಅನುಮಾನ ಇತ್ತು.

ಸಂಜೆಗತ್ತಲು

ನಡುವೆ ಫೆಬ್ರುವರಿ 28ರಂದು ಶ್ವೇತಭವನದಲ್ಲಿ ಟ್ರಂಪ್ ಮತ್ತು ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಕ್ಯಾಮೆರಾ ಮುಂದೆಯೇ ಜಗಳವಾಡಿದ್ದನ್ನು ಮರೆಯಬೇಡಿ. ಅಮೆರಿಕ ಬೆನ್ನಿಗಿರುತ್ತದೆ ಅನ್ನುವ ನಂಬಿಕೆ ಯುರೋಪಿನವರಿಗೆ ಆ ವಾರ ಅಲ್ಲಾಡಿತು. ಅದು ನಿಜವಾದ ಬದಲಾವಣೆ.

ಗಾಳಿಪಟ

ರಕ್ಷಣೆಯ ಮಟ್ಟಿಗೆ ಒಪ್ಪಬಹುದು. ರಸ್ತೆ, ಸೇತುವೆ, ರೈಲು ಹಳಿ ಆ ವಾರ ಹಾಳಾದವೇ? ಆ 500 ಬಿಲಿಯನ್ನಿಗೆ ಶ್ವೇತಭವನದ ಜಗಳ ಕಾರಣ ಆಗುವುದಿಲ್ಲ. ಅದು ಮೈತ್ರಿಗೆ ಬರಬೇಕಿದ್ದ ಸೋಷಿಯಲ್ ಡೆಮಾಕ್ರಟ್‌ಗಳಿಗೆ ಬೇಕಿದ್ದದ್ದು. ಒಂದೇ ಪೊಟ್ಟಣದಲ್ಲಿ ಎರಡನ್ನೂ ಕಟ್ಟಿದರು. ಒಂದಕ್ಕೆ ಇದ್ದ ನಿಜವಾದ ಕಾರಣ ಎರಡಕ್ಕೂ ಹೊದಿಕೆ ಆಯಿತು.

ನೀಲಿಶಾಯಿ

ಇದು ಮೆಚ್ಚಿದೆ. ಮಾತು ಬದಲಾಯಿಸಿದಾಗ ಬದಲಾವಣೆಯ ಅಳತೆ, ಕೊಟ್ಟ ಕಾರಣದ ಅಳತೆಗೆ ಕೂಡುತ್ತದೆಯೇ ಅಂತ ನೋಡಬೇಕು. ಅಂದ ಹಾಗೆ, ಮೆರ್ಟ್ಸ್ 2024ರ ನವೆಂಬರ್‌ನಲ್ಲೇ ಈ ನಿಯಮ ಸುಧಾರಿಸಬಹುದು, ಯಾಕೆ ಅನ್ನುವುದು ಮುಖ್ಯ ಅನ್ನುವ ಹಾಗೆ ಒಮ್ಮೆ ಮಾತಾಡಿದ್ದರು. ಪ್ರಚಾರದಲ್ಲಿ ಆ ದನಿ ಅಡಗಿತು. ಅಲ್ಲೇ ನನ್ನ ತಕರಾರು. ಷರತ್ತು ಗೊತ್ತಿದ್ದೂ ಬಾಯಿಬಿಡಲಿಲ್ಲ.

ವಕೀಲರಚೀಟಿ

ಅದೇ ಜರ್ಮನಿಯಲ್ಲಿ ಅಳೆಯುವ ಕೋಲು ಬೇರೆಯವರ ಕೈಗೆ ಹೋದ ಸಂದರ್ಭವೂ ಇದೆ. ಕೋವಿಡ್ ಕಾಲದಲ್ಲಿ ತುರ್ತು ಸ್ಥಿತಿ ಅಂತ ಸಾಲದ ಕಡಿವಾಣ ಸಡಿಲಿಸಿದ್ದರು. ಅದಕ್ಕೆ ಸಂವಿಧಾನದಲ್ಲೇ ಅವಕಾಶ ಇದೆ. ಬಳಕೆಯಾಗದ 60 ಬಿಲಿಯನ್ ಯೂರೋ ಸಾಲದ ಅನುಮತಿಯನ್ನು ಮುಂದಿನ ಸರ್ಕಾರ ಹವಾಮಾನ ನಿಧಿಗೆ ತಿರುಗಿಸಿತು. 2023ರ ನವೆಂಬರ್ 15ರಂದು ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ತುರ್ತಿಗೂ ಖರ್ಚಿಗೂ ಸಂಬಂಧ ತೋರಿಸಬೇಕು ಅಂದಿತು. ಗಾಳಿಪಟ ಅವರು ಹೇಳಿದ್ದನ್ನೇ ಕೋರ್ಟು ಹೇಳಿದ ಹಾಗಾಯಿತು. ಕೇಸು ಹಾಕಿದ್ದು ಯಾರು ಗೊತ್ತಾ? ಮೆರ್ಟ್ಸ್ ಮುಂದಾಳಾಗಿದ್ದ ಸಂಸದೀಯ ಪಕ್ಷವೇ.

ಮೂಲೆಬೆಂಚು

ಹಹ್ಹಾ! ಇದಕ್ಕಿಂತ ಹೆಚ್ಚು ನಾನೇನೂ ಹೇಳಬೇಕಿಲ್ಲ.

ತಕರಾರುತಮ್ಮ

ನನಗೆ ಒಂದೇ ಪ್ರಶ್ನೆ ಉಳಿದಿದೆ. ನೆದರ್ಲೆಂಡ್ಸ್‌ನಲ್ಲಿ ಚುನಾವಣೆಗೆ ಮೊದಲೇ ಪಕ್ಷಗಳ ಪ್ರಣಾಳಿಕೆಯ ಲೆಕ್ಕ ಹಾಕಿಸುತ್ತಾರಂತಲ್ಲ. ಅದು ಕೆಲಸ ಮಾಡುತ್ತದಾ, ಇಲ್ಲಾ ಸುಮ್ನೆ ಶೋಕಿಯಾ?

ಅಂಕಿಸಂಖ್ಯೆ

1986ರಿಂದ ಇದೆ. ಸಿಪಿಬಿ ಅನ್ನುವ ಸರ್ಕಾರಿ ಆರ್ಥಿಕ ಸಂಸ್ಥೆ ಇದನ್ನು ಮಾಡುತ್ತದೆ. ಸರ್ಕಾರಿ ಸಂಸ್ಥೆಯಾದರೂ ಅದರ ಲೆಕ್ಕದಲ್ಲಿ ಸರ್ಕಾರ ಕೈಹಾಕುವುದಿಲ್ಲ. ಪಕ್ಷಗಳು ತಮ್ಮ ಪ್ರಸ್ತಾವಗಳನ್ನು ತಾವೇ ಕೊಡುತ್ತವೆ. ಸಂಸ್ಥೆ ಎಲ್ಲದಕ್ಕೂ ಒಂದೇ ಆರ್ಥಿಕ ಅಂದಾಜು ಬಳಸಿ ಕೊರತೆ, ಉದ್ಯೋಗ, ಜನರ ಕೊಳ್ಳುವ ಶಕ್ತಿ ಹೀಗೆ ಲೆಕ್ಕ ಹಾಕುತ್ತದೆ. ಎಲ್ಲರಿಗೂ ಒಂದೇ ಅಂದಾಜು ಅನ್ನುವುದು ದೊಡ್ಡ ಅನುಕೂಲ. ಆರ್ಥಿಕತೆ ಶೇ 5ರಂತೆ ಬೆಳೆಯುತ್ತದೆ ಅಂತ ಒಬ್ಬರು ತಮಗೆ ಬೇಕಾದ್ದು ಬರೆದುಕೊಳ್ಳೋಕೆ ಆಗುವುದಿಲ್ಲ. ಪಕ್ಷಗಳು ಲೆಕ್ಕ ಕೈಗೆ ಬಂದ ಮೇಲೆ ಪ್ರಣಾಳಿಕೆ ತಿದ್ದಿಕೊಳ್ಳುವುದೂ ಉಂಟು. ಸಂಸ್ಥೆಯ ಮಾದರಿಯಲ್ಲಿ ಚೆನ್ನಾಗಿ ಕಾಣುವ ನೀತಿಗಳನ್ನೇ ಹುಡುಕಿ ಸೇರಿಸುತ್ತಾರೆ ಅನ್ನುವ ದೂರೂ ಇದೆ.

ಆದರೆ ಕಡ್ಡಾಯ ಅಲ್ಲ. 2017ರಲ್ಲಿ ಖೇರ್ಟ್ ವಿಲ್ಡರ್ಸ್ ಅವರ ಪಕ್ಷ ಒಂದೇ ಹಾಳೆಯ ಪ್ರಣಾಳಿಕೆ ಹೊರತಂದಿತು, ಲೆಕ್ಕಕ್ಕೆ ಕೊಡಲೇ ಇಲ್ಲ. 150ರಲ್ಲಿ 20 ಸೀಟು ಬಂದು ಎರಡನೇ ದೊಡ್ಡ ಪಕ್ಷವಾಯಿತು. ಹಿಂದಿನ ಸಲ 15 ಇತ್ತು.